ಒಮ್ಮೆ ಸಿಸೇರಿಯನ್ ಆದ್ರೆ...

"ಮೊದಲಿನದ್ದು ಸಿಸೇರಿಯನ್ ಅಲ್ವಾ? ಹಾಗಾದ್ರೆ ಎರಡನೆಯದೂ ಅದೇ ಮಾರಾಯ್ರೆ, ಅದ್ರಲ್ಲಿ ಕೇಳ್ಲಿಕ್ಕೆ ಎಂತ ಉಂಟು?" ಕುಲಶೇಖರದಲ್ಲಿ ಚೌಕಿಯಿಂದ ಚರ್ಚಿನವರೆಗೆ ಯಾರನ್ನು ಕೇಳಿದರೂ ಸಿಗುವ ಉತ್ತರ ಇದೇ. ಹಾಲು ತರಲು ಹೋದಾಗ ಅಂಗಡಿಯವರು ಹೇಳುತ್ತಾರೆ, ಪಕ್ಕದ ಮನೆಯ ಬಾಯಮ್ಮ ಹೇಳುತ್ತಾರೆ, ನಮ್ಮತ್ತೆಯಂತೂ ಹೇಳಿಯೇ ಹೇಳುತ್ತಾರೆ. ನಮ್ಮ ಮನೆಯಲ್ಲಿ ಈಗ ಎರಡನೆಯ ಹೆರಿಗೆಯ ಲೆಕ್ಕಾಚಾರ ನಡೆಯುತ್ತಿರುವುದರಿಂದ ಈ ಮಾತು ವಾರಕ್ಕೆ ನಾಲ್ಕು ಸಲವಾದರೂ ಕಿವಿಗೆ ಬೀಳುತ್ತಿದೆ.

ಕೋಡ್ ಬರೆಯುವವರಿಗೆ ಒಂದು ಚಾಳಿ. ಹಳೇ ಪ್ರೋಗ್ರಾಮಿನಲ್ಲಿ ಯಾರೂ ಪ್ರಶ್ನಿಸದ ಒಂದು ನಿಯಮ ಕಂಡರೆ, ಇದನ್ನು ಯಾರು ಹಾಕಿದ್ದು, ಯಾವ ವರ್ಷ, ಆಗ ಏನು ತೊಂದರೆ ಇತ್ತು ಎಂದು ಹಿಂದಕ್ಕೆ ಹೋಗಿ ನೋಡುವುದು. ಈ ನಿಯಮಕ್ಕೂ ಹಾಗೇ ಮಾಡಿದೆ. ಡಾಕ್ಟರು ನಾನಲ್ಲ, ಮೊದಲೇ ಹೇಳಿಬಿಡುತ್ತೇನೆ. ಇದು ಇತಿಹಾಸ ಅಷ್ಟೇ.

ಹೆಸರಿನಿಂದ ಶುರು ಮಾಡಿದರೆ ಸೀಸರ್ ಹೀಗೆ ಹುಟ್ಟಿದ ಎನ್ನುವುದು ಹೆಚ್ಚುಕಡಿಮೆ ಕಟ್ಟುಕತೆ. ಅವನು ದೊಡ್ಡವನಾಗಿ ಯುದ್ಧಕ್ಕೆ ಹೋಗುವ ಕಾಲಕ್ಕೂ ತಾಯಿ ಅವುರೇಲಿಯಾ ಬದುಕಿದ್ದಳು. ಆ ಕಾಲದಲ್ಲಿ ಹೊಟ್ಟೆ ಕೊಯ್ಯುತ್ತಿದ್ದದ್ದು ತಾಯಿ ಸತ್ತ ಮೇಲೆ, ಅಥವಾ ಇನ್ನೇನು ಸಾಯುತ್ತಾಳೆ ಅನ್ನುವಾಗ. ನಮ್ಮ ಸುಶ್ರುತ ಸಂಹಿತೆಯಲ್ಲೂ ತಾಯಿ ತೀರಿಹೋಗಿ ಹೊಟ್ಟೆ ಅಲುಗುತ್ತಿದ್ದರೆ ಮಗುವನ್ನು ಕೂಡಲೇ ಕೊಯ್ದು ತೆಗೆಯಬೇಕೆಂದಿದೆ. ಜೈನರ ಕಥೆಯಲ್ಲಿ ಬಿಂದುಸಾರ ಹುಟ್ಟುವುದೂ ಹೀಗೆಯೇ. ವಿಷವುಂಡು ಸತ್ತ ರಾಣಿಯ ಹೊಟ್ಟೆಯಿಂದ ಚಾಣಕ್ಯ ಮಗುವನ್ನು ತೆಗೆಸುತ್ತಾನೆ, ವಿಷದ ಒಂದು ಬಿಂದು ತಲೆಗೆ ತಾಗಿದ್ದರಿಂದ ಆ ಹೆಸರು. ಈ ಕಥೆಗಳಲ್ಲೆಲ್ಲ 'ಎರಡನೆಯ ಸಲ' ಅನ್ನುವ ಪ್ರಶ್ನೆಯೇ ಇಲ್ಲ, ಯಾಕೆಂದರೆ ತಾಯಿಯೇ ಇಲ್ಲ.

ತಾಯಿ ಬದುಕಿದ ಕಥೆ ಎಂದು ಎಲ್ಲರೂ ಹೇಳುವುದು ಸ್ವಿಟ್ಜರ್ಲೆಂಡಿನದ್ದು. ಸುಮಾರು 1500ರಲ್ಲಿ ಹಂದಿಗಳಿಗೆ ಬೀಜ ಒಡೆಯುವ ಕೆಲಸದ ಯಾಕೋಬ್ ನುಫರ್ ಎಂಬವನು ತನ್ನ ಹೆಂಡತಿಯ ಹೊಟ್ಟೆಯನ್ನು ತಾನೇ ಕೊಯ್ದು ಮಗು ತೆಗೆದನಂತೆ. ಇದು ಬರಹಕ್ಕೆ ಇಳಿದದ್ದು ಎಂಬತ್ತು ವರ್ಷಗಳ ನಂತರ, ಹಾಗಾಗಿ ನಂಬುವವರು ಕಡಿಮೆ. ಆದರೆ ಕಥೆಯ ಬಾಲ ಸ್ವಾರಸ್ಯವಾಗಿದೆ: ಆ ಹೆಂಗಸು ಆಮೇಲೆ ಅವಳಿ ಸೇರಿದಂತೆ ಹಲವು ಮಕ್ಕಳನ್ನು ಹೆತ್ತಳು, ಎಲ್ಲವೂ ನಾರ್ಮಲ್! :)

ನಿಜವಾದ ತೊಡಕು ಹೊಲಿಗೆಯದ್ದು. 19ನೇ ಶತಮಾನದಲ್ಲಿ ಬಹಳ ಕಾಲ ಸರ್ಜನ್‌ಗಳು ಗರ್ಭಕೋಶ ಕೊಯ್ದ ಮೇಲೆ ಅದನ್ನು ಹೊಲಿಯುತ್ತಲೇ ಇರಲಿಲ್ಲ. ಅದು ತಾನಾಗಿ ಕುಗ್ಗಿ ಮುಚ್ಚಿಕೊಳ್ಳುತ್ತದೆ, ಒಳಗೆ ದಾರ ಬಿಟ್ಟರೆ ಕೀವಾಗುತ್ತದೆ ಎಂಬ ನಂಬಿಕೆ. ಹೆಂಗಸರು ರಕ್ತ ಹೋಗಿ, ನಂಜಾಗಿ ಸಾಯುತ್ತಿದ್ದರು. 1876ರಲ್ಲಿ ಇಟಲಿಯ ಪೊರ್ರೊ ಇದಕ್ಕೊಂದು ಉಪಾಯ ಹುಡುಕಿದ: ಮಗು ತೆಗೆದ ಮೇಲೆ ಗರ್ಭಕೋಶವನ್ನೇ ತೆಗೆದುಬಿಡುವುದು. ತಾಯಿ ಬದುಕಿದಳು, ಆದರೆ ಮತ್ತೆ ಬಸಿರು ಇಲ್ಲ. 1882ರಲ್ಲಿ ಜರ್ಮನಿಯ ಮ್ಯಾಕ್ಸ್ ಸ್ಯಾಂಗರ್ ಬೆಳ್ಳಿಯ ತಂತಿ ಮತ್ತು ರೇಷ್ಮೆ ದಾರದಿಂದ ಗರ್ಭಕೋಶವನ್ನು ಸರಿಯಾಗಿ ಹೊಲಿಯುವ ಕ್ರಮವನ್ನು ಪ್ರಕಟಿಸಿದ. ತಾಯಿಯೂ ಉಳಿದಳು, ಗರ್ಭಕೋಶವೂ ಉಳಿಯಿತು. ಅಂದರೆ ನಮ್ಮ ಅತ್ತೆಯವರ ಪ್ರಶ್ನೆಗೆ ಹೆಚ್ಚೆಂದರೆ ನೂರನಲ್ವತ್ತು ಚಿಲ್ಲರೆ ವರ್ಷದ ವಯಸ್ಸು.

ಇನ್ನು ಆ ಮಾತು. ಹೇಳಿದ್ದು ನ್ಯೂಯಾರ್ಕಿನ ಪ್ರಸೂತಿ ತಜ್ಞ ಎಡ್ವಿನ್ ಕ್ರೇಗಿನ್, 1916ರಲ್ಲಿ. ಒಮ್ಮೆ ಸಿಸೇರಿಯನ್ ಆದರೆ ಯಾವಾಗಲೂ ಸಿಸೇರಿಯನ್, ಅಂತ. ಆದರೆ ಆ ಲೇಖನದ ಉದ್ದೇಶ ನೋಡಿ: ಸಣ್ಣ ಸಣ್ಣ ಕಾರಣಕ್ಕೆಲ್ಲ ಕೊಯ್ಯಲು ಹೊರಟ ಡಾಕ್ಟರುಗಳಿಗೆ ಆತ ತಾಳ್ಮೆ ಕಲಿಸಲು ಹೊರಟಿದ್ದ. ಮೊದಲನೆಯದಕ್ಕೆ ಕತ್ತಿ ಹಿಡಿಯುವ ಮುಂಚೆ ಯೋಚಿಸಿ, ಮುಂದಿನವುಗಳಿಗೂ ಅದೇ ಗತಿಯಾದೀತು ಎಂಬ ಎಚ್ಚರಿಕೆ ಅದು. ಈ ನಿಯಮಕ್ಕೆ ಅಪವಾದಗಳು ಬಹಳ ಇವೆ, ತನ್ನದೇ ರೋಗಿಯೊಬ್ಬಳು ಸಿಸೇರಿಯನ್ ಆದ ಮೇಲೆ ಮೂರು ಮಕ್ಕಳನ್ನು ಕಷ್ಟವಿಲ್ಲದೆ ಹೆತ್ತಿದ್ದಾಳೆ ಎಂದೂ ಅಲ್ಲೇ ಹೇಳಿದ್ದಾನೆ. ನೂರು ವರ್ಷದಲ್ಲಿ ಅಪವಾದ ಉದುರಿಹೋಯಿತು, ಉದ್ದೇಶ ಉದುರಿಹೋಯಿತು, ಸಾಲು ಮಾತ್ರ ಉಳಿಯಿತು. ಮೊದಲ ಸಿಸೇರಿಯನ್ ತಡೆಯಲು ಹೇಳಿದ್ದು ಎರಡನೆಯದರ ಸಮರ್ಥನೆಯಾಯಿತು.

ಕ್ರೇಗಿನ್ ಕಾಲದಲ್ಲಿ ಗರ್ಭಕೋಶವನ್ನು ಮೇಲಿನ ದಪ್ಪ ಭಾಗದಲ್ಲಿ ಉದ್ದಕ್ಕೆ ಕೊಯ್ಯುತ್ತಿದ್ದರು. ಹೆರಿಗೆ ನೋವಿನಲ್ಲಿ ಜಗ್ಗುವುದು ಅದೇ ಭಾಗ, ಹಾಗಾಗಿ ಹಳೇ ಗಾಯ ಬಿರಿಯುವ ಭಯ ನಿಜವಾಗಿಯೂ ದೊಡ್ಡದು. ಗ್ಲಾಸ್ಗೋದ ಮನ್ರೊ ಕೆರ್ 1920ರ ದಶಕದಲ್ಲಿ ಕೆಳಗಿನ ತೆಳು ಭಾಗದಲ್ಲಿ ಅಡ್ಡಕ್ಕೆ ಕೊಯ್ಯಬೇಕೆಂದು ಪಟ್ಟುಹಿಡಿದ. ಇವತ್ತು ನಮ್ಮೂರ ಯಾವುದೇ ಆಸ್ಪತ್ರೆಯ ಡಿಸ್ಚಾರ್ಜ್ ಕಾಗದದಲ್ಲಿ 'ಎಲ್‌ಎಸ್‌ಸಿಎಸ್' ಎಂದು ಬರೆದಿರುತ್ತದಲ್ಲ, ಅದೇ ಇದು. ಹೊರಗಿನ ಚರ್ಮದ ಗಾಯ ಅಡ್ಡಕ್ಕಿದ್ದರೆ ಒಳಗೂ ಅಡ್ಡಕ್ಕೇ ಇರಬೇಕೆಂದಿಲ್ಲ, ಹಾಗಾಗಿ ಆ ಕಾಗದವೇ ಆಧಾರ. ನಮ್ಮದು ಕಪಾಟಿನಲ್ಲಿ ಮದುವೆ ಆಲ್ಬಮ್ಮಿನ ಅಡಿಯಲ್ಲಿ ಸಿಕ್ಕಿತು. ನಿಮ್ಮದನ್ನೂ ಎಸೆಯಬೇಡಿ.

ಗಾಯ ಬದಲಾದ ಮೇಲೂ ನಿಯಮ ಬದಲಾಗಲು ಅರ್ಧ ಶತಮಾನ ಬೇಕಾಯಿತು. ಅಮೆರಿಕಾದಲ್ಲಿ 1980ರ ತಜ್ಞರ ಸಮಾವೇಶವೊಂದು, ಸಿಸೇರಿಯನ್ ಆದವರಲ್ಲಿ ಹಲವರು ನಾರ್ಮಲ್ ಹೆರಿಗೆಗೆ ಪ್ರಯತ್ನಿಸಬಹುದು ಎಂದಿತು. 1996ರ ಹೊತ್ತಿಗೆ ಅಲ್ಲಿ ಅಂಥವರಲ್ಲಿ ಶೇಕಡಾ 28ರಷ್ಟು ಮಂದಿ ನಾರ್ಮಲ್ಲಾಗಿಯೇ ಹೆತ್ತರು. ವಿಮಾ ಕಂಪೆನಿಗಳಿಗೂ ಖುಷಿ, ಖರ್ಚು ಕಡಿಮೆ. ಕೆಲವು ಕಡೆ ಒತ್ತಾಯಿಸಿದ್ದೂ ಉಂಟು. ಗರ್ಭಕೋಶ ಬಿರಿದ ಕೇಸುಗಳು ಕೋರ್ಟಿಗೆ ಹೋದವು. 1999ರಲ್ಲಿ ಅಲ್ಲಿನ ಪ್ರಸೂತಿ ತಜ್ಞರ ಸಂಘ, ತುರ್ತು ಆಪರೇಶನ್ ಮಾಡಬಲ್ಲ ಡಾಕ್ಟರು ಆ ಕ್ಷಣಕ್ಕೆ ಲಭ್ಯ ಇರಲೇಬೇಕು ಎಂಬ ಷರತ್ತು ಹಾಕಿತು. ಸಣ್ಣ ಆಸ್ಪತ್ರೆಗಳು ಕೈಚೆಲ್ಲಿದವು, ಹತ್ತು ವರ್ಷದೊಳಗೆ ಆ 28 ಹೋಗಿ 9ಕ್ಕಿಂತ ಕೆಳಗಿಳಿಯಿತು. ಹೆಂಗಸರ ದೇಹ ಹತ್ತು ವರ್ಷದಲ್ಲಿ ಬದಲಾಗಲಿಲ್ಲ ತಾನೆ? ಬದಲಾದದ್ದು ರಾತ್ರಿ ಎಚ್ಚರ ಇರುವವರ ಸಂಬಳ ಯಾರು ಕೊಡುವುದು ಎಂಬ ಲೆಕ್ಕ.

ಅಪಾಯ ಎಷ್ಟು? 2004ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ ಸುಮಾರು 18 ಸಾವಿರ ಹೆಂಗಸರು ನಾರ್ಮಲ್‌ಗೆ ಪ್ರಯತ್ನಿಸಿದ್ದರು. ನೂರಕ್ಕೆ 73 ಮಂದಿಗೆ ಸಫಲ. ಗರ್ಭಕೋಶ ಬಿರಿದದ್ದು ಶೇಕಡಾ 0.7. ಆಮ್ಲಜನಕ ಸಿಗದೆ ಮೆದುಳಿಗೆ ಪೆಟ್ಟಾದ ಮಕ್ಕಳು ಪ್ರಯತ್ನಿಸಿದವರಲ್ಲಿ 12, ದಿನ ನೋಡಿ ಆಪರೇಶನ್ ಮಾಡಿಸಿಕೊಂಡವರಲ್ಲಿ ಸೊನ್ನೆ. ಹದಿನೆಂಟು ಸಾವಿರಕ್ಕೆ ಹನ್ನೆರಡು ಬಹಳ ಕಡಿಮೆ ಎಂದು ಎಕ್ಸೆಲ್ ಶೀಟ್ ಹೇಳುತ್ತದೆ. ರಾತ್ರಿ ಎರಡು ಗಂಟೆಗೆ ಹೆಂಡತಿ ಮಗ್ಗುಲು ಬದಲಿಸುವುದನ್ನು ನೋಡುತ್ತಾ ಮಲಗಿದವನಿಗೆ ಆ ಹನ್ನೆರಡು ಬೇರೆಯೇ ಥರ ಕೇಳುತ್ತದೆ.

ನಮ್ಮೂರಿಗೆ ಬರೋಣ. ಕುಲಶೇಖರದ ಹೋಲಿ ಕ್ರಾಸ್ ಚರ್ಚ್ 1873ರದ್ದು. ಇಲ್ಲಿಂದ ಆರಾಮಾಗಿ ನಡೆದು ಹೋಗಬಹುದಾದ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ 1880ರಲ್ಲಿ ಹೋಮಿಯೋಪತಿ ಔಷಧಿ ಕೊಡಲು ಶುರು ಮಾಡಿದರು, ಅದೇ ಈಗಿನ ದೊಡ್ಡ ಆಸ್ಪತ್ರೆ. ಆಗೆಲ್ಲ ಹೆರಿಗೆ ಅಂದರೆ ಮನೆಯ ಒಳಕೋಣೆ, ಬಿಸಿನೀರಿನ ಹಂಡೆ, ಸೂಲಗಿತ್ತಿ. ಪೇಟೆಯ ಲೇಡಿಗೋಷನ್ ಆಸ್ಪತ್ರೆಯ ಹೆಸರು ನಾವು ಮದ್ರಾಸ್ ಪ್ರಾಂತ್ಯದಲ್ಲಿದ್ದ ಕಾಲದ್ದು, 1924ರಿಂದ 1929ರವರೆಗೆ ಮದ್ರಾಸಿನ ಗವರ್ನರ್ ಆಗಿದ್ದ ಗೋಷನ್ನರ ಪತ್ನಿಯದ್ದು. 1953ರಲ್ಲಿ ಶುರುವಾದ ಕಸ್ತೂರ್ಬಾ ಮೆಡಿಕಲ್ ಕಾಲೇಜಿನ ವಿದ್ಯಾರ್ಥಿಗಳು ತರಬೇತಿಗೆ ಇಲ್ಲಿನ ವೆನ್ಲಾಕಿಗೂ ಲೇಡಿಗೋಷನ್ನಿಗೂ ಬರುವಂತಾಯಿತು. ನನಗೆ ಇದು ಮುಖ್ಯವಾಗಿ ಕಾಣುವುದು ಒಂದು ಕಾರಣಕ್ಕೆ: ಮೆಡಿಕಲ್ ಕಾಲೇಜಿನ ನಂಟಿದ್ದರೆ ರಾತ್ರಿಯಿಡೀ ಪಿಜಿ ಡಾಕ್ಟರುಗಳು, ಅರಿವಳಿಕೆಯವರು, ಬ್ಲಡ್ ಬ್ಯಾಂಕ್ ಎಲ್ಲ ಇರುತ್ತವೆ. ಅಮೆರಿಕಾದ ಸಣ್ಣ ಆಸ್ಪತ್ರೆಗಳು ಪೂರೈಸಲಾಗದ ಷರತ್ತು ಮಂಗಳೂರಿನಲ್ಲಿ ಹಲವು ಕಡೆ ತಾನಾಗಿಯೇ ಪೂರೈಸಿದೆ. ಒಬ್ಬರೇ ಅರಿವಳಿಕೆ ಡಾಕ್ಟರು ಸ್ಕೂಟರಲ್ಲಿ ನಾಲ್ಕು ನರ್ಸಿಂಗ್ ಹೋಮ್ ಸುತ್ತುವ ಊರುಗಳಲ್ಲಿ ಎರಡನೆಯದಕ್ಕೂ ಸಿಸೇರಿಯನ್ ಅಂದರೆ ನಾನು ಡಾಕ್ಟರನ್ನು ಬಯ್ಯಲಾರೆ.

ಇನ್ನೊಂದು ಕಾರಣವನ್ನು ನಮ್ಮ ಹೆಂಗಸರು ಬಾಯಿಬಿಟ್ಟು ಹೇಳುತ್ತಾರೆ, ಪುಸ್ತಕಗಳು ಹೇಳುವುದಿಲ್ಲ. "ಎರಡನೆಯದ್ದರ ಜೊತೆಗೇ ಆಪರೇಶನ್ ಮಾಡಿಸಿ ಮುಗಿಸುವುದು." ಈ ಆಪರೇಶನ್ ಅಂದರೆ ಸಂತಾನಹರಣ ಚಿಕಿತ್ಸೆ. ದೇಶದ ಕುಟುಂಬ ಯೋಜನೆ ಕಾರ್ಯಕ್ರಮ ಶುರುವಾದದ್ದು 1952ರಲ್ಲಿ, ಮೈಸೂರು ಸಂಸ್ಥಾನವಂತೂ 1930ರಲ್ಲೇ ಕ್ಲಿನಿಕ್ ತೆರೆದಿತ್ತು. ಎರಡು ಮಕ್ಕಳು, ಆಮೇಲೆ ಆಪರೇಶನ್ ಎನ್ನುವುದು ನಮ್ಮಲ್ಲಿ ಅಮ್ಮಂದಿರ ತಲೆಮಾರಿನಿಂದ ರೂಢಿ. ಹೇಗೂ ಹೊಟ್ಟೆ ತೆರೆಯುವುದೇ ಆದರೆ ಒಂದೇ ಅರಿವಳಿಕೆ, ಒಂದೇ ಬಿಲ್ಲು, ಒಂದೇ ಬಾಣಂತನ. ಗಂಡಸರು ಮಾಡಿಸಿಕೊಳ್ಳುವ ಸುಲಭದ ಆಪರೇಶನ್ ಒಂದು ಇದೆ ಎನ್ನುವುದು ಈ ಮಾತುಕತೆಯಲ್ಲಿ ಯಾರಿಗೂ ನೆನಪಾಗುವುದಿಲ್ಲ. ಇರಲಿ.

ದುಡ್ಡಿನ ಇತಿಹಾಸ ಇದಕ್ಕಿಂತ ವಿಚಿತ್ರ. 1948ರ ಇಎಸ್‌ಐ ಕಾಯ್ದೆ ಕಾರ್ಖಾನೆಯ ಹೆಂಗಸರ ಹೆರಿಗೆಯನ್ನು ಒಳಗೆ ಸೇರಿಸಿತು. 1986ರಲ್ಲಿ ಸರಕಾರಿ ವಿಮಾ ಕಂಪೆನಿಗಳು ತಂದ ಮೆಡಿಕ್ಲೇಮ್ ಹೆರಿಗೆಯನ್ನು ಸಿಸೇರಿಯನ್ ಸಮೇತ ಹೊರಗಿಟ್ಟಿತು. ಹೆರಿಗೆ ಕಾಯಿಲೆ ಅಲ್ಲ, ಮೊದಲೇ ಗೊತ್ತಿರುವ ಖರ್ಚು ಎಂಬ ತರ್ಕ. ಹಾಗಾಗಿ ಮಧ್ಯಮ ವರ್ಗದವರು ಚೀಟಿ ಎತ್ತಿಯೋ ಬಳೆ ಅಡವಿಟ್ಟೋ ಕಟ್ಟಿದರು. ಬಡವರಿಗೆ 2005ರ ಜನನಿ ಸುರಕ್ಷಾ ಬಂತು, 2011ರ ಜೂನ್ 1ರಿಂದ ಜನನಿ ಶಿಶು ಸುರಕ್ಷಾ ಬಂದು ಸರಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್, ಔಷಧಿ, ರಕ್ತ, ಏಳು ದಿನದ ಊಟ ಎಲ್ಲ ಉಚಿತ ಎಂದಾಯಿತು. ನನ್ನಂಥ ಐಟಿಯವರಿಗೆ ಸಿಕ್ಕಿದ್ದು ಕಂಪೆನಿಯ ಗುಂಪು ವಿಮೆ. ಅದರಲ್ಲಿ ಹೆರಿಗೆಗೆ ಒಂದು ಮಿತಿ ಇರುತ್ತದೆ, ಎಷ್ಟೋ ಪಾಲಿಸಿಗಳಲ್ಲಿ ನಾರ್ಮಲ್‌ಗೆ ಕಡಿಮೆ, ಸಿಸೇರಿಯನ್‌ಗೆ ಜಾಸ್ತಿ. ನಮ್ಮದೂ ಹಾಗೇ.

ಇದರ ಪರಿಣಾಮ ಆಸ್ಪತ್ರೆಯೊಂದರ ಬಿಲ್ಲಿಂಗ್ ಕೌಂಟರಿನಲ್ಲಿ ಅಂದಾಜು ಕೇಳಲು ಹೋದಾಗ ಗೊತ್ತಾಯಿತು. ದಿನ ಗೊತ್ತುಮಾಡಿ ಬಂದರೆ ಪ್ಯಾಕೇಜ್, ವಿಮೆಗೆ ಮೊದಲೇ ಬರೆದು ಕಳಿಸಬಹುದು, ಕೈಯಿಂದ ಎಷ್ಟು ಅಂತ ಇವತ್ತೇ ಹೇಳುತ್ತಾರೆ. ನಾರ್ಮಲ್ಲಿಗೆ ಪ್ರಯತ್ನಿಸಿ ಕೊನೆಗೆ ತುರ್ತು ಸಿಸೇರಿಯನ್ ಆದರೆ? ಲೇಬರ್ ರೂಮಿನದ್ದೂ ಥಿಯೇಟರಿನದ್ದೂ ಎರಡೂ ಸೇರುತ್ತವೆ, ಮಗುವಿನ ಡಾಕ್ಟರದ್ದು ಬೇರೆ, ಅಂದಾಜು ಹೇಳಲಿಕ್ಕಾಗುವುದಿಲ್ಲ. ಅಂದರೆ ನಾಲ್ಕರಲ್ಲಿ ಮೂವರಿಗೆ ಅಗ್ಗವಾಗುವ ದಾರಿಗೆ ಬೆಲೆಚೀಟಿ ಇಲ್ಲ, ದುಬಾರಿ ದಾರಿಗೆ ಇದೆ. ಸಂಬಳ ತಿಂಗಳಿಗೊಂದೇ ಸಲ ಬರುವವರು ಯಾವುದನ್ನು ಆರಿಸುತ್ತಾರೆ ಹೇಳಿ. ಮೇಲಿಂದ ಪಂಚಾಂಗ ಬೇರೆ, ದಿನ ನಮ್ಮ ಕೈಯಲ್ಲಿದ್ದರೆ ನಕ್ಷತ್ರವೂ ನಮ್ಮ ಕೈಯಲ್ಲಿ.

2005-06ರಲ್ಲಿ ದೇಶದ ಹೆರಿಗೆಗಳಲ್ಲಿ ಸಿಸೇರಿಯನ್ ಶೇಕಡಾ 8.5 ಇತ್ತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 21.5, ಕರ್ನಾಟಕದಲ್ಲಿ 31.5. ದೇಶದ ಖಾಸಗಿ ಆಸ್ಪತ್ರೆಗಳಲ್ಲಿ 47.4, ಸರಕಾರಿಯಲ್ಲಿ 14.3. ಇವರೆಲ್ಲ ಎರಡನೆಯ ಬಸಿರಿಗೆ ಬಂದಾಗ ನಮ್ಮದೇ ಪ್ರಶ್ನೆ ಹೊತ್ತು ಬರುತ್ತಾರೆ. ಎರಡೇ ಸಾಕು ಅನ್ನುವವರಿಗೆ ಎರಡನೆಯ ಸಿಸೇರಿಯನ್ನಿನ ಅಪಾಯ ದೊಡ್ಡದಲ್ಲ, ನಿಜ. ಮಾಸು ಗರ್ಭಕೋಶದ ಗೋಡೆಗೇ ಕಚ್ಚಿಕೊಂಡು ಬಿಡದಿರುವ ತೊಂದರೆ 2006ರ ಒಂದು ಅಧ್ಯಯನದ ಪ್ರಕಾರ ಮೊದಲ ಸಿಸೇರಿಯನ್ನಿನಲ್ಲಿ ಶೇಕಡಾ 0.24, ಎರಡನೆಯದರಲ್ಲಿ 0.31, ಮೂರನೆಯದರಲ್ಲಿ 0.57, ನಾಲ್ಕನೆಯದರಲ್ಲಿ 2.13. ಮೂರು ನಾಲ್ಕು ಮಕ್ಕಳು ಬೇಕೆನ್ನುವ ಮನೆಗಳು ನಮ್ಮ ಬೀದಿಯಲ್ಲೇ ಇವೆ, ಅವರಿಗೆ ಈ ಎರಡನೆಯ ತೀರ್ಮಾನ ನಮಗಿಂತ ಭಾರ.

ನನ್ನ ಹೆಂಡತಿ ಇದನ್ನೆಲ್ಲ ಓದಿಸಿಕೊಂಡು ಎರಡೇ ಪ್ರಶ್ನೆ ಬರೆದಿಟ್ಟಿದ್ದಾಳೆ, ಮುಂದಿನ ಚೆಕಪ್ಪಿಗೆ. ಮೊದಲ ಸಲ ಕೊಯ್ದದ್ದು ಮಗುವಿನ ಎದೆಬಡಿತ ಇಳಿದದ್ದಕ್ಕೆ, ಅದು ಮತ್ತೆ ಆಗಲೇಬೇಕೆಂದಿದೆಯಾ? ರಾತ್ರಿ ಎರಡು ಗಂಟೆಗೆ ನಿಮ್ಮಲ್ಲಿ ಥಿಯೇಟರು ತೆರೆಯಲು ಎಷ್ಟು ನಿಮಿಷ ಬೇಕು? ಬಿಲ್ಲಿನ ಪ್ರಶ್ನೆ ನನ್ನ ಪಾಲಿಗೆ ಬಿಟ್ಟಿದ್ದಾಳೆ.