ವಿ.ಟಿ. ಸ್ಟೇಷನ್ನಿನಲ್ಲಿ ತಲೆ ಎತ್ತಿ ನೋಡಿದಾಗ

ಕಲಬುರಗಿ, ರಾಯಚೂರು ಕಡೆಯಿಂದ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಮುಂಬೈಗೆ ಗುಳೆ ಹೋದವರು ಈ ಸ್ಟೇಷನ್ ಕಂಡೇ ಇರುತ್ತಾರೆ. ಈಗಿನ ಹೆಸರು ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್. ನಮ್ಮ ಹಿರಿಯರ ಬಾಯಲ್ಲಿ ಮಾತ್ರ ಇನ್ನೂ ವಿ.ಟಿ. ತಲೆ ಮೇಲೆ ಗಂಟು, ಕಂಕುಳಲ್ಲಿ ಕೂಸು ಇಟ್ಟುಕೊಂಡು ಕಟ್ಟಡ ನೋಡುವವರು ಯಾರು? ಮೊದಲ ಸಲ ನಾವೂ ನೋಡಲಿಲ್ಲ.

1853ರ ಏಪ್ರಿಲ್ 16ರಂದು ಠಾಣೆಗೆ ರೈಲು ಹೊರಟಿದ್ದು ಇಲ್ಲಿದ್ದ ಹಳೆಯ ಬೋರಿ ಬಂದರ್ ಸ್ಟೇಷನ್ನಿನಿಂದ. ಜಿ.ಐ.ಪಿ. ರೈಲ್ವೆ ಕಂಪನಿಯ ಹಳಿ 1871ರಲ್ಲಿ ನಮ್ಮ ರಾಯಚೂರಿಗೆ ಬಂದು ಮದ್ರಾಸ್ ಹಳಿಗೆ ಕೂಡಿತು. ವ್ಯವಹಾರ ಬೆಳೆದ ಕಂಪನಿಗೆ ದೊಡ್ಡ ಕಚೇರಿ ಬೇಕಾಯಿತು. ಎಫ್.ಡಬ್ಲ್ಯೂ. ಸ್ಟೀವನ್ಸ್ ನಕ್ಷೆ ಬರೆದರು. 1878ರಲ್ಲಿ ಶುರುವಾದ ಕೆಲಸ ಮುಗಿಯಲು ಹತ್ತು ವರ್ಷ ಹಿಡಿಯಿತು. 1887ಕ್ಕೆ ವಿಕ್ಟೋರಿಯಾ ರಾಣಿಯ ಆಳ್ವಿಕೆಗೆ 50 ವರ್ಷ. ಹೆಸರು ಅವಳದೇ ಆಯಿತು.

ಚೂಪು ಕಮಾನು, ಬಣ್ಣದ ಗಾಜಿನ ಕಿಟಕಿ, ಗೋಪುರ ಎಲ್ಲ ಇಂಗ್ಲೆಂಡಿನ ಗಾಥಿಕ್ ಶೈಲಿ. ಆದರೆ ನಟ್ಟನಡುವೆ ಎಂಟು ಮೂಲೆಯ ಗುಮ್ಮಟ. ವಿಜಯಪುರದ ಗೋಳಗುಮ್ಮಟ ನೋಡಿ ಬೆಳೆದ ನಮಗೆ ಅದು ಪರದೇಶದ್ದು ಅನ್ನಿಸುವುದಿಲ್ಲ. ಗುಮ್ಮಟದ ನೆತ್ತಿಯಲ್ಲಿ ಕೈಯಲ್ಲಿ ಪಂಜು, ಚಕ್ರ ಹಿಡಿದ ಹೆಂಗಸು ನಿಂತಿದ್ದಾಳೆ, ಅವಳು 'ಪ್ರಗತಿ'ಯಂತೆ. ಗೇಟಿನ ಕಂಬಗಳ ಮೇಲೆ ಬ್ರಿಟನ್ನಿನ ಸಿಂಹ, ಭಾರತದ ಹುಲಿ. ಎರಡೂ ಒಂದೇ ಎತ್ತರದಲ್ಲಿ ಕೂತಿವೆ. ಆಳ್ವಿಕೆಯಲ್ಲಿ ಆ ಸಮಾನತೆ ಎಲ್ಲಿತ್ತು ಎಂದು ಕೇಳಬೇಡಿ!

ಕೆತ್ತನೆಯನ್ನು ಹತ್ತಿರದಿಂದ ನೋಡಬೇಕು. ಎಲೆ, ಬಳ್ಳಿ, ನವಿಲು, ಮಂಗ. ಬೇರೆಬೇರೆ ಸಮುದಾಯಗಳ ರುಮಾಲು ಸುತ್ತಿದ ತಲೆಗಳೂ ಇವೆ. ಇದರಲ್ಲಿ ಬಹುಪಾಲು ಕೆಲಸ ಮುಂಬೈನ ಜೆ.ಜೆ. ಕಲಾಶಾಲೆಯ ವಿದ್ಯಾರ್ಥಿಗಳದ್ದು. ಆದರೆ ಗೋಡೆಯ ಮೇಲೆ ಗುರುತಿಗೆ ಸಿಗುವ ಮುಖಗಳು ಕಂಪನಿಯ ದೊಡ್ಡವರವು, ಜೊತೆಗೆ ರೈಲಿಗೆ ಬೆಂಬಲ ನೀಡಿದ ಜಮಶೆಟ್‌ಜಿ ಜೀಜಿಭಾಯ್, ಜಗನ್ನಾಥ ಶಂಕರ್‌ಸೇಟ್ ಅವರವು. ಉಳಿ ಹಿಡಿದ ಹುಡುಗರ, ಕಲ್ಲು ಹೊತ್ತವರ ಮುಖಗಳನ್ನು ಯಾರೂ ಕೆತ್ತಲಿಲ್ಲ. ನಮಗೆ ಚುಚ್ಚಿದ್ದು ಅದೇ.

ಗಡಿಯಾರದ ಕೆಳಗೆ ಮೊದಲು ರಾಣಿಯ ಪ್ರತಿಮೆ ಇತ್ತು. ಸ್ವಾತಂತ್ರ್ಯದ ನಂತರ ತೆಗೆದರು. 2004ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಮುಂದಿನ ಸಲ ಹೋದಾಗ ಎದುರಿನ ಪಾಲಿಕೆ ಕಟ್ಟಡದ ಕಡೆ ರಸ್ತೆ ದಾಟಿ ನಿಂತು ನೋಡಿ. ಪಾಲಿಕೆಯದೂ ಸ್ಟೀವನ್ಸರದೇ ನಕ್ಷೆ. ಗಂಟುಮೂಟೆ ಮಾತ್ರ ಕಾಲ ಹತ್ತಿರವೇ ಇರಲಿ.