ದೋಣಿ ಸ್ಪರ್ಧೆಗೆ ಮೂಲವಾದ ಶಾಲಾ ಗೆಳೆತನ

19ನೆಯ ಶತಮಾನದ ಕಾಲೇಜು ಕ್ರೀಡಾ ಪೈಪೋಟಿಗಳಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್ ವಿಶ್ವವಿದ್ಯಾಲಯಗಳ ದೋಣಿ ಸ್ಪರ್ಧೆ ಹೆಸರಾಂತದ್ದು. ಇದರ ಬೇರು ಇರುವುದು ಒಂದು ಶಾಲೆಯಲ್ಲಿ. ಹ್ಯಾರೋ ಶಾಲೆಯ ಸಹಪಾಠಿಗಳಲ್ಲಿ ಚಾರ್ಲ್ಸ್ ವರ್ಡ್ಸ್‌ವರ್ತ್ ಆಕ್ಸ್‌ಫರ್ಡಿಗೂ ಚಾರ್ಲ್ಸ್ ಮೆರಿವೇಲ್ ಕೇಂಬ್ರಿಜ್‌ಗೂ ಸೇರಿದರು. ಊರು ಬೇರೆಯಾದರೂ ಗೆಳೆತನ ಉಳಿಯಿತು. ಅದರಿಂದಲೇ ಸವಾಲು ಹುಟ್ಟಿತು.

1829ರ ಜೂನ್ 10ರಂದು ಹೆನ್ಲಿ ಊರಿನ ಬಳಿ ಥೇಮ್ಸ್ ನದಿಗೆ ಎರಡು ದೋಣಿಗಳು ಇಳಿದವು. ಒಂದೊಂದರಲ್ಲೂ ಹುಟ್ಟು ಹಾಕುವವರು ಎಂಟು ಮಂದಿ. ಆಕ್ಸ್‌ಫರ್ಡ್ ಗೆದ್ದಿತು. 1836ರಲ್ಲಿ ಲಂಡನ್ನಿನಲ್ಲಿ ನಡೆದ ಎರಡನೆಯ ಸ್ಪರ್ಧೆ ಕೇಂಬ್ರಿಜ್ ಪಾಲಾಯಿತು. 1856ರಿಂದ ಇದು ವರ್ಷಕ್ಕೊಮ್ಮೆ ನಡೆಯತೊಡಗಿತು. 1877ರಲ್ಲಿ ಇಬ್ಬರೂ ಸಮವೆಂದು ತೀರ್ಪಾಯಿತು.

ಹಿಂದಿನ ವರ್ಷ ಸೋತವರೇ ಗೆದ್ದವರಿಗೆ ಸವಾಲು ಹಾಕುವುದು ಇಲ್ಲಿನ ಸಂಪ್ರದಾಯ. ಸೋಲಿಗೂ ಗೌರವದ ಸ್ಥಾನವಿದ್ದುದರಿಂದಲೇ ಈ ಪೈಪೋಟಿ ಹಗೆಯಾಗದೆ ಬಾಳಿತು.