ಹದಿನೈದು ತಿಂಗಳ ಮಿಲಿಟರಿ ಗವರ್ನರ್

ಪೊಲೀಸ್ ಆ್ಯಕ್ಷನ್‌ಗಿಂತ ಮೊದಲು, ಪೊಲೀಸ್ ಆ್ಯಕ್ಷನ್ ಆದಮೇಲೆ. ವಾಡಿ, ಶಹಾಬಾದ, ಚಿತ್ತಾಪುರ, ಸೇಡಂ, ಚಿಂಚೋಳಿ ಕಡೆಯ ಹಿರಿಯರು ಕಾಲವನ್ನು ಹೀಗೇ ಎಣಿಸುತ್ತಾರೆ. ಆಮೇಲೆ ಬಂದ ಮಿಲಿಟರಿ ಗವರ್ನರ್ ಯಾರೆಂದು ಕೇಳಿದರೆ ಮಾತ್ರ ಸುಮ್ಮನಾಗುತ್ತಾರೆ. ತಹಶೀಲ್ ಕಚೇರಿಯ ಉರ್ದು ದಫ್ತರಗಳ ನಡುವೆ ನೌಕರಿ ಮುಗಿಸಿದ ನನಗೆ ಈ ಮರೆವು ಸರಿ ಅನಿಸಿಲ್ಲ.

1948ರ ಸೆಪ್ಟೆಂಬರ್ 13ಕ್ಕೆ ಭಾರತದ ಸೇನೆ ಹೈದರಾಬಾದ್ ಸಂಸ್ಥಾನದ ಗಡಿ ದಾಟಿತು. ಪೊಲೀಸ್ ಆ್ಯಕ್ಷನ್ ಅಂದರೆ ಇದೇ. 17ಕ್ಕೆ ಸಂಸ್ಥಾನ ಆಳುತ್ತಿದ್ದ ನಿಜಾಮರು ಮಣಿದರು. ಮರುದಿನ ಹೈದರಾಬಾದಿಗೆ ಬಂದ ಮೇಜರ್ ಜನರಲ್ ಜೆ.ಎನ್. ಚೌಧುರಿ ಮಿಲಿಟರಿ ಗವರ್ನರ್ ಆದರು. ಗಾದಿಯ ಮೇಲೆ ನಿಜಾಮರೇ ಉಳಿದರು, ಹುಕುಂ ಮಾತ್ರ ಚೌಧುರಿಯವರದು.

ದಂಡಿನವರ ಆಡಳಿತ ಈ ನೆಲಕ್ಕೆ ಹೊಸದಲ್ಲ. ಚಿತ್ತಾಪುರದ ಪಕ್ಕದ ನಾಗಾವಿಯಲ್ಲಿ ಚಾಲುಕ್ಯರ ದಂಡನಾಯಕ ಮಧುಸೂದನನ 1058ರ ಶಾಸನವಿದೆ. ಅಲ್ಲಿನ ಘಟಿಕಾಸ್ಥಾನವೆಂಬ ಪಾಠಶಾಲೆಯ ಪುಸ್ತಕ ಕಾಯಲು ಆರು ಜನ ಸರಸ್ವತೀ ಭಂಡಾರಿಗರಿದ್ದರು. ಮಧುಸೂದನನ ಹಾಗೆ ಚೌಧುರಿಯವರು ಗುಡಿ, ಪಾಠಶಾಲೆ ಕಟ್ಟಿಸಲಿಲ್ಲ. ಬಿಟ್ಟುಹೋದದ್ದು ಕಾಯಿದೆ. ರಾಜ್ಯದ ಸುಮಾರು ಮೂರನೇ ಒಂದು ಪಾಲು ಜಾಗೀರಿನಲ್ಲಿತ್ತು. ಅಲ್ಲಿ ರೈತ ಕಂದಾಯ ಕಟ್ಟುತ್ತಿದ್ದುದು ಜಾಗೀರದಾರನಿಗೆ. ದೊಡ್ಡ ಜಾಗೀರುಗಳಲ್ಲಿ ಪೊಲೀಸು, ನ್ಯಾಯವೂ ಅವನವೇ. 1949ರ ಫೆಬ್ರುವರಿಯಲ್ಲಿ ನಿಜಾಮರ ಸ್ವಂತ ಭೂಮಿಯಾದ ಸರ್ಫ್-ಎ-ಖಾಸ್ ಸರ್ಕಾರಕ್ಕೆ ಸೇರಿತು. ಆಗಸ್ಟ್ 15ಕ್ಕೆ ಜಾಗೀರು ರದ್ದತಿಯ ಹುಕುಂ ಹೊರಬಿತ್ತು, ಫಸಲಿ ವರ್ಷ 1358ರ ಕಾಯಿದೆಯಾಗಿ. ಜಾಗೀರದಾರರಿಗೆ ಪರಿಹಾರ ಸಿಕ್ಕಿತು. ರೈತನ ಮನೆ ಬಾಗಿಲಿಗೆ ಅವರ ಕಾರಭಾರಿಯ ಬದಲು ಸರ್ಕಾರದ ಕಂದಾಯ ನಿರೀಕ್ಷಕ, ಗಿರ್ದಾವರ ಬಂದ. ನನ್ನ ಮಟ್ಟಿಗೆ ನಮ್ಮ ಭಾಗದ ಸ್ವಾತಂತ್ರ್ಯ ಹೊಲಕ್ಕೆ ಇಳಿದದ್ದು ಅವತ್ತು.

ಇನ್ನೊಂದು ಲೆಕ್ಕವನ್ನೂ ಮುಚ್ಚಿಡಬಾರದು. ನಿಜಾಮರ ಪರವಾಗಿದ್ದ ಖಾಸಗಿ ಪಡೆ ರಜಾಕಾರರು ಮಾಡಿದ ಕೊಲೆ, ಲೂಟಿಯನ್ನು ನಾವು ಮಕ್ಕಳಿಗೆ ಹೇಳುತ್ತೇವೆ. ಸೇನೆ ಬಂದಮೇಲೆ ಬಡ ಮುಸ್ಲಿಮರ ಮನೆಗಳಲ್ಲಿ ಬಿದ್ದ ಹೆಣಗಳ ಮಾತು ಎತ್ತುವುದಿಲ್ಲ. ಈ ಹಿಂಸೆಯನ್ನು ತಿಳಿಯಲು ಭಾರತ ಸರ್ಕಾರ ಕಳಿಸಿದ್ದ ಪಂಡಿತ ಸುಂದರಲಾಲರ ಸಮಿತಿ ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಉಸ್ಮಾನಾಬಾದ್, ಬೀದರ, ನಾಂದೇಡಗಳ ಜೊತೆ ನಮ್ಮ ಗುಲಬರ್ಗಾವನ್ನೂ ಹೆಸರಿಸಿತ್ತು. ಜಾಗೀರು ಕಿತ್ತ ಪುಣ್ಯ ಆ ಆಡಳಿತದ್ದಾದರೆ, ಈ ಜೀವಗಳನ್ನು ಕಾಯದ ಹೊಣೆಯೂ ಅದರದೇ.

1949ರ ಕೊನೆಗೆ ಚೌಧುರಿಯವರ ಅವಧಿ ಮುಗಿಯಿತು. 1950ರ ಜನವರಿ 26ಕ್ಕೆ ಎಂ.ಕೆ. ವೆಲ್ಲೋಡಿ ಮುಖ್ಯಮಂತ್ರಿಯಾದರು. ಅದೇ ವರ್ಷ ಬಂದ ಹೈದರಾಬಾದ್ ಗೇಣಿ ಕಾಯಿದೆ, ಬೇರೆಯವರ ಹೊಲ ಉಳುತ್ತಿದ್ದವನನ್ನು ರಕ್ಷಿತ ಗೇಣಿದಾರನೆಂದು ದಾಖಲೆಗೆ ಹತ್ತಿಸಿತು.